ಐದನೆಯ ನಾಟಕ

ಮಧ್ಯಂತರದ ದೀಪ ಹೊತ್ತಿದ್ದೇ ತಡ, ಬರ್ನೀಸ್ ಸೀಟಿನ ಕೆಳಗಿದ್ದ ಚೀಲವನ್ನು ಎತ್ತಿಕೊಂಡಳು.

"ಸಾಕು, ಏಳು. ನನ್ನ ಮಂಡಿ ಸತ್ತೇಹೋಯ್ತು."

ಮೇವಿಸ್ ಅವಳ ತೋಳು ಹಿಡಿದು ಮತ್ತೆ ಕೂರಿಸಿದಳು. "ಕೂತ್ಕೋ ಸುಮ್ನೆ. ಅರ್ಧ ನೋಡಿದ್ರೆ ನೋಡಿದ ಹಾಗಲ್ಲ."

ಇಬ್ಬರಿಗೂ ಎಪ್ಪತ್ತರ ಹತ್ತಿರ. ಮೇವಿಸ್ ಬ್ರಾಡ್‌ವೇ ರಂಗಭೂಮಿಯಲ್ಲಿ ನಲವತ್ತು ವರ್ಷ ನಟಿಸಿದವಳು. ಬರ್ನೀಸ್ ಅಷ್ಟೇ ವರ್ಷ ಅಲ್ಲಿನ ನಟರಿಗೆ ಉಡುಪು ವಿನ್ಯಾಸ ಮಾಡಿ, ಈಗ ವರ್ಷದ ದೊಡ್ಡ ರಂಗಪ್ರಶಸ್ತಿಗೆ ಮತ ಹಾಕುವ ಕೆಲವು ನೂರು ಜನರಲ್ಲಿ ಒಬ್ಬಳಾಗಿದ್ದಳು. ಈ ಸಲ ಪೋಷಕ ನಟಿ ಪ್ರಶಸ್ತಿಯ ಐದು ಹೆಸರುಗಳಲ್ಲಿ ಮೇವಿಸ್‌ಳದೂ ಇತ್ತು, ಜೀವನದಲ್ಲಿ ಮೊದಲ ಬಾರಿಗೆ. ಐವರ ನಾಟಕಗಳನ್ನೂ ಪೂರ್ತಿ ನೋಡಿದವರು ಮಾತ್ರ ಆ ಪ್ರಶಸ್ತಿಗೆ ಮತ ಹಾಕಬಹುದು. ಬರ್ನೀಸ್ ನಾಲ್ಕು ನೋಡಿದ್ದಳು. ಇದು ಐದನೆಯದು. ಶುಕ್ರವಾರ ಮಧ್ಯಾಹ್ನಕ್ಕೆ ಮತದಾನ ಮುಗಿಯುತ್ತಿತ್ತು. ಅದಕ್ಕೇ ಮೇವಿಸ್, ಮತದಾರರಿಗೆ ಸಿಗುವ ಎರಡು ಟಿಕೆಟ್‌ಗಳಲ್ಲಿ ಒಂದನ್ನು ತಾನೇ ಇಟ್ಟುಕೊಂಡು, ಯಾರಿಗೂ ಗುರುತು ಸಿಗದಂತೆ ಟೋಪಿಯನ್ನು ಹುಬ್ಬಿನವರೆಗೆ ಇಳಿಸಿ, ಗೆಳತಿಯನ್ನು ಬುಧವಾರದ ಮಧ್ಯಾಹ್ನದ ಪ್ರದರ್ಶನಕ್ಕೆ ಎಳೆದುಕೊಂಡು ಬಂದಿದ್ದಳು.

"ಪೂರ್ತಿ ನೋಡಿದೀನಿ ಅಂತ ಫೋನಲ್ಲಿ ಒತ್ತಿಬಿಡ್ತೀನಿ ಬಿಡೇ. ಯಾರು ಬಂದು ಪರೀಕ್ಷೆ ಮಾಡ್ತಾರೆ?"

"ನೀನು ಒತ್ತಲ್ಲ. ಹೋದ ವರ್ಷ 'ಎಲ್ಲಾ ನೋಡಿದೀರಾ' ಅನ್ನೋ ಪ್ರಶ್ನೆ ಬಂದ ಕೂಡ್ಲೇ, ಒಂದು ನೋಡಿಲ್ಲ ಅಂತ ಫೋನ್ ಮುಚ್ಚಿಟ್ಟು ಪಾತ್ರೆ ತೊಳೆಯೋಕೆ ಹೋದೆ. ನಾನೇ ಪಕ್ಕದಲ್ಲಿದ್ದೆ."

ಬರ್ನೀಸ್ ಚೀಲವನ್ನು ಕೆಳಗಿಟ್ಟಳು. "ಮಿಕ್ಕವರೆಲ್ಲ ಏನು ನೋಡಿ ವೋಟ್ ಹಾಕ್ತಾರೆ ಅಂದ್ಕೊಂಡಿದೀಯ? ಓಹಾಯೊದಿಂದ ಒಬ್ಬ ಥಿಯೇಟರ್ ಮಾಲೀಕ ಬರ್ತಾನಲ್ಲ, ಅವನು ಸೆಟ್ಟೆಲ್ಲ ಎರಡು ಲಾರೀಲಿ ಹಿಡಿಯೋ ನಾಟಕಕ್ಕೇ ಹಾಕೋದು. ಮುಂದಿನ ವರ್ಷ ತನ್ನೂರಿಗೆ ತರಿಸ್ಕೋಬೇಕಲ್ಲ. ಹಾವರ್ಡ್ ಇದಾನಲ್ಲ, ಅವನು ಯಾರ ಪಾರ್ಟೀಲಿ ಸೀಗಡಿ ಚೆನ್ನಾಗಿತ್ತೋ ಅವರಿಗೆ."

"ನೀನು?"

"ನಾನು ಕಾಲು ಚಾಚೋಕೆ ಜಾಗ ಕೊಟ್ಟೋರಿಗೆ. ಇವರು ಕೊಟ್ಟಿಲ್ಲ. ನಿನ್ನ ಅದೃಷ್ಟ."

ಮೇವಿಸ್ ನಕ್ಕಳು. ತೋಳು ಮಾತ್ರ ಬಿಡಲಿಲ್ಲ. "ನನ್ನ ನಾಟಕ ನಿಂತು ನಾಲ್ಕು ತಿಂಗಳಾಯ್ತು ಕಣೇ. ನಿಂತ ನಾಟಕದವರ ಬಗ್ಗೆ ಎಲ್ಲರೂ ಒಳ್ಳೇದೇ ಮಾತಾಡ್ತಾರೆ, ಸತ್ತವರ ಬಗ್ಗೆ ಆಡೋ ಹಾಗೆ. ವೋಟ್ ಹಾಕಲ್ಲ ಅಷ್ಟೆ. ಆಮೇಲೆ ಒಬ್ಬರಾದ್ರೂ ಕೆಲಸಕ್ಕೆ ಕರೆದಿದಾರಾ? ಈ ಪ್ರಶಸ್ತಿ ಬಂದ್ರೆ ಕರೀತಾರೆ. ನಂಗೆ ಒಂದೊಂದು ವೋಟೂ ಬೇಕು."

"ಬರುತ್ತೆ ಬಿಡು."

"ಈ ಹುಡುಗಿ ಹೇಗಿದಾಳೆ ಹೇಳು. ನಿಜ ಹೇಳು."

ಹುಡುಗಿ ಎಂದರೆ ಯೆಸೆನಿಯಾ. ಐವರಲ್ಲಿ ಒಬ್ಬಳು. ಇಪ್ಪತ್ನಾಲ್ಕು ವರ್ಷ.

"ಇಷ್ಟು ಹೊತ್ತಿಗೆ ಹನ್ನೆರಡು ಮಾತು ಆಡಿದಾಳೆ, ಎಣಿಸಿದೀನಿ. ಅದರಲ್ಲಿ ಮೂರು 'ಕಾಫಿ ಬೇಕಾ'. ನೀನು ಸುಮ್ಮನೆ ತಲೆ ಕೆಡಿಸ್ಕೋತೀಯ."

ದೀಪ ಆರಿತು.

ಎರಡನೆಯ ಅಂಕದಲ್ಲಿ ಯೆಸೆನಿಯಾ ಅಡುಗೆಮನೆಯಲ್ಲಿ ಒಬ್ಬಳೇ ಕೂತು, ಸತ್ತ ಗಂಡನ ಫೋನ್ ಸಂಪರ್ಕ ತೆಗೆಸಲು ಕಂಪನಿಗೆ ಕರೆ ಮಾಡುತ್ತಾಳೆ. ಖಾತೆ ಅವರ ಹೆಸರಲ್ಲಿದೆ, ಅವರೇ ಮಾತಾಡಬೇಕು ಎನ್ನುತ್ತಾರೆ ಆಚೆಯವರು. ಅವರು ತೀರಿಹೋದರು ಎನ್ನುತ್ತಾಳೆ ಇವಳು. ಸರಿ ಮೇಡಂ, ಆದರೂ ಅವರೇ ಮಾತಾಡಬೇಕು. ಸಭಾಂಗಣ ಗೊಳ್ಳೆಂದು ನಕ್ಕಿತು. ಯೆಸೆನಿಯಾಳೂ ನಕ್ಕಳು. ಆಮೇಲೆ, "ಒಂದ್ನಿಮಿಷ ಇರಿ, ಕರೀತೀನಿ" ಎಂದು ಫೋನನ್ನು ಮೇಜಿನ ಮೇಲಿಟ್ಟು, ಬಾಗಿಲವರೆಗೆ ನಡೆದು, ಒಳಕೋಣೆಯ ಕಡೆಗೆ ಗಂಡನ ಹೆಸರು ಕೂಗಿದಳು. ಊಟಕ್ಕೆ ಕರೆಯುವ ದನಿಯಲ್ಲಿ. ಕೂಗಿ, ಉತ್ತರಕ್ಕೆ ಕಾದಳು.

ಮೊದಲ ಅಂಕದ ಉದ್ದಕ್ಕೂ ಬರ್ನೀಸ್‌ಳ ಮುಖವನ್ನೇ ಕಾಯುತ್ತಿದ್ದ ಮೇವಿಸ್‌ಗೆ ಈಗ ಪಕ್ಕದಲ್ಲಿ ಒಬ್ಬರು ಕೂತಿದ್ದಾರೆ ಎಂಬುದೇ ಮರೆತುಹೋಗಿತ್ತು. ಪರದೆ ಬಿದ್ದಾಗ ಆ ಸಾಲಿನಲ್ಲಿ ಮೊದಲು ಎದ್ದು ನಿಂತವಳು ಅವಳೇ. ಟೋಪಿ ಎಲ್ಲೋ ಉರುಳಿಹೋಗಿತ್ತು. ಹಿಂದಿನ ಸಾಲಿನ ಯಾರೋ, "ಅಲ್ನೋಡು, ಮೇವಿಸ್!" ಎಂದರು. ಅವಳು ಚಪ್ಪಾಳೆ ತಟ್ಟುತ್ತಲೇ ಇದ್ದಳು.

ಎದುರು ರಸ್ತೆಯ ಹೋಟೆಲಿನಲ್ಲಿ ಇಬ್ಬರೂ ಚೀಸ್‌ಕೇಕ್ ತರಿಸಿಕೊಂಡರು. ಬರ್ನೀಸ್ ಕನ್ನಡಕ ಏರಿಸಿ ಫೋನ್ ತೆಗೆದಳು.

"ಐದನ್ನೂ ನೋಡಿದೀರಾ ಅಂತ ಕೇಳ್ತಿದೆ. ನೋಡಿದೀನಪ್ಪ, ನೋಡಿದೀನಿ. ಕೊನೇ ಮಾತಿನವರೆಗೂ ನೋಡಿದೀನಿ." ಒತ್ತಿದಳು. ಸ್ವಲ್ಪ ಹೊತ್ತು ಪರದೆಯನ್ನು ದಿಟ್ಟಿಸಿ ಇನ್ನೊಮ್ಮೆ ಒತ್ತಿ, ಫೋನನ್ನು ಮಗುಚಿಟ್ಟಳು. "ಆಯ್ತು."

"ಯಾರಿಗೆ?"

"ಯಾರಿಗೆ ಅಂದ್ರೆ? ನಿಂಗೇ ಕಣೇ, ಪೆದ್ದಿ."

ಮೇವಿಸ್‌ಳ ಮುಖ ಅರಳಿತು. ಮೇಜಿನ ಮೇಲೆ ಬಾಗಿ ಗೆಳತಿಯ ಕೆನ್ನೆಗೆ ಲೊಚಲೊಚನೆ ಎರಡು ಮುತ್ತು ಕೊಟ್ಟಳು. ಕೂತು, ಕೇಕಿನ ಒಂದು ತುಂಡನ್ನು ಬಾಯಿಗಿಟ್ಟಳು. ಅಗಿಯುವುದು ನಿಂತಿತು.

"ಬರ್ನೀಸ್, ಅವಳು ಗಂಡನ್ನ ಕೂಗಿದ್ಲಲ್ಲ, ಆಗ ನೀನು ನಿದ್ದೆ ಹೋಗಿದ್ಯಾ?"

"ಇಲ್ಲ."

"ಮತ್ತೆ ಏನು ಮಾಡ್ತಿದ್ದೆ?"

ಬರ್ನೀಸ್ ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಳ್ತಿದ್ದೆ."