ಸದ್ಯಕ್ಕೆ ಹಾಕಿದ ಹೆಸರು

“ನೀ ಹೋಗವ್ವ, ಬ್ಯಾಡ ಅನ್ನಂಗಿಲ್ಲ. ಆದ್ರ ಕಂಪ್ಯೂಟರಿನಾಗ ನಿನ್ನ ಹೆಸರು ಇಲ್ಲೇ ಇರ್ಲಿ,” ಎಂದರು ಮ್ಯಾನೇಜರ್ ಅಣವೀರ, ಬಸಿಗೆ ಸುರಿದ ಚಹಾ ಊದಿ ಆರಿಸುತ್ತ.

ಶಹಾಬಾದಿನ ಆ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಪೂನಮ್‌ಗೆ ಅದು ಕೆಲಸದ ಕಡೆಯ ದಿನ. ಸೇಡಂ, ಚಿತ್ತಾಪುರ, ವಾಡಿಯ ಕೌಂಟರುಗಳೆಲ್ಲ ಇಲ್ಲಿಯ ಡೇಟಾಬೇಸಿಗೆ ಸೇರುತ್ತಿದ್ದುದು ಅವಳ ಹೆಸರು, ಅವಳ ಪಾಸ್‌ವರ್ಡಿನಿಂದಲೇ. ಸಾಫ್ಟ್‌ವೇರ್ ಹಾಕಲು ಬಂದವನು ಅವಸರದಲ್ಲಿ, “ಸದ್ಯಕ್ಕ ಮೇಡಂ ಹೆಸರೇ ಇರ್ಲಿ” ಎಂದು ಹಾಕಿ ಹೋಗಿದ್ದ. ಆ ಸದ್ಯ ಇನ್ನೂ ಮುಗಿದಿರಲಿಲ್ಲ.

ಹೋದ ತಿಂಗಳು ವಾಡಿಯಲ್ಲಿ ಒಬ್ಬರ ಸಕ್ಕರೆಯ ಅಂಕಿಯನ್ನು ಇನ್ನೊಬ್ಬರ ರಿಪೋರ್ಟಿಗೆ ಹಾಕಿಬಿಟ್ಟಿದ್ದರು. ಹಾಕಿದವರು ಯಾರೆಂದು ಕಂಪ್ಯೂಟರಿನಲ್ಲಿ ತೆಗೆದು ನೋಡಿದರೆ ಪೂನಮ್! ಅವಳು ವಾಡಿ ಕೌಂಟರಿನ ಮೆಟ್ಟಿಲೂ ತುಳಿದವಳಲ್ಲ. ಆದರೂ ರೋಗಿಯ ಮಗನ ಬೈಗುಳವನ್ನು ತಲೆ ತಗ್ಗಿಸಿ ಕೇಳಿಸಿಕೊಂಡವಳು ಅವಳೇ.

ಆಮೇಲೆ ಒಬ್ಬೊಬ್ಬರಿಗೂ ಬೇರೆ ಹೆಸರು, ಅವರವರ ಊರಿನ ರಿಪೋರ್ಟನ್ನಷ್ಟೇ ಮುಟ್ಟುವ ಪರವಾನಗಿ, ಎಲ್ಲ ತಯಾರು ಮಾಡಿಟ್ಟಳು. ಅರ್ಧ ತಾಸು ಕೌಂಟರು ನಿಲ್ಲಿಸಿ ಅವನ್ನು ಜೋಡಿಸುವುದಷ್ಟೇ ಬಾಕಿ. ದಿನಾ ಕೇಳುತ್ತಿದ್ದಳು, ಅಣವೀರ ದಿನಾ ನಾಳೆ ಎನ್ನುತ್ತಿದ್ದರು.

“ಸರ್, ನಾ ಹೋದ ಮ್ಯಾಲ ಯಾರರ ತಪ್ಪು ಮಾಡಿದ್ರ...”

“ಏನಾಗ್ತದ? ಖಾಲಿ ಹೆಸರದು! ಅದಕ್ಕಂತ ಅರ್ಧ ತಾಸು ಎಲ್ಲಾ ಕೌಂಟರ್ ಬಂದ್ ಮಾಡ್ಲೇನು? ಹೊರಗ ನೋಡು, ಮಂದಿ ಉಪಾಸ ಬಂದು ಕುಂತಾರ.”

ಪೂನಮ್‌ಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು. ಪರದೆಯ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದಳು: “ಹಂಗಾದ್ರ ಬಂದ್ ಮಾಡೂದು ಬ್ಯಾಡ್ರಿ ಸರ್. ಎಲ್ಲಾ ಇದ್ದಂಗೇ ನಡೀತದ. ಕೆಲಸ ಯಾರು ಮಾಡ್ಯಾರ ಅಂತ ಬರೂ ಜಾಗದಾಗ ಮಾತ್ರ ನನ್ನ ಹೆಸರು ತೆಗೆದು ನಿಮ್ಮದು ಹಾಕ್ತೀನಿ.”

“ಏ, ತಡಿ ತಡಿ!” ಅಣವೀರ ಬಸಿ ಕೆಳಗಿಟ್ಟರು. “ನನ್ನದ್ಯಾಕ? ನಾ ಹೆಂಡ್ರು ಮಕ್ಕಳು ಇದ್ದಾಂವ!”

ಅವಳು ಕೀಲಿಮಣೆಯ ಮೇಲಿನ ಕೈ ತೆಗೆಯಲಿಲ್ಲ.

ಅಣವೀರ ಒಂದೊಂದೇ ಊರಿಗೆ ಫೋನು ಹಚ್ಚಿ ಕೌಂಟರು ನಿಲ್ಲಿಸಲು ಹೇಳಿದರು. ಆಮೇಲೆ ಹೊರಗೆ ಹೋಗಿ, ಹಸಿದು ಕುಳಿತಿದ್ದ ಮಂದಿಗೆಲ್ಲ ಕೈ ಮುಗಿದು, ತಾವೇ ಶಟರ್ ಎಳೆದರು.