ಡಾಕ್ಟರು ಹೇಳಿದ ಒಂದೇ ಮುದ್ದೆ

"ಅವ್ವಾ, ಇದೇನು ಮುದ್ದೆನಾ, ಸುಲಿದಿಟ್ಟ ತೆಂಗಿನಕಾಯಾ?"

ತುರುವೇಕೆರೆಯಿಂದ ಅಪ್ಪನನ್ನು ನೋಡಲು ಬಂದ ಯೋಗಿತಾ, ಊಟಕ್ಕೆ ಕೂತಿದ್ದ ಅಪ್ಪನ ತಟ್ಟೆ ಕಂಡು ಬೆಚ್ಚಿಬಿದ್ದಳು. ಅವ್ವ ಹೊಂಬಾಳಮ್ಮನಿಗೆ ಮೈಯೆಲ್ಲ ಉರಿಯಿತು. ಅಲ್ಲ, ಬಂದವಳು ಕೈಕಾಲು ತೊಳೆಯದೆ ತಟ್ಟೆಗೇ ಕಣ್ಣು ಹಾಕುವುದೇ!

"ಡಾಕ್ಟ್ರು ಒಂದೇ ಮುದ್ದೆ ಅಂದವ್ರೆ. ಒಂದೇ ಹಾಕಿವ್ನಿ. ಬೇಕಾದ್ರೆ ಎಣಿಸ್ಕೋ!"

ಅಪ್ಪ ಕೆಂಚಪ್ಪ ಪಟ್ಟಿ ಸುತ್ತಿದ ಎಡಗಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ. ತೋಟದಲ್ಲಿ ತೆಂಗಿನ ಗರಿ ಎಳೆಯುವಾಗ ತರಚಿದ ಗಾಯ. ಸಕ್ಕರೆ ಕಾಯಿಲೆಯಿಂದಾಗಿ ಮಾಯುವ ಮಾತೇ ಇಲ್ಲ. ಸಕ್ಕರೆ ಹೀಗೇ ಏರುತ್ತಿದ್ದರೆ ಕಾಲನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಬೆಳಿಗ್ಗೆ ಯೋಗಿತಾಗೆ ಫೋನಿನಲ್ಲಿ ಹೇಳಿದ್ದರು. ಅಪ್ಪ ಕದ್ದು ಬೆಲ್ಲ ಕೊಬ್ಬರಿ ಮೆಲ್ಲುತ್ತಿರಬೇಕೆಂದು ಜಗಳಕ್ಕೇ ಬಂದಿದ್ದಳು ಅವಳು.

ಯೋಗಿತಾ ಕೈ ಒದ್ದೆ ಮಾಡಿಕೊಂಡು ಆ ಮುದ್ದೆಯನ್ನು ಮುರಿದು ಮತ್ತೆ ಕಟ್ಟಿದಳು. ನೋಡನೋಡುತ್ತ ಮೂರಾಯಿತು.

"ಅಯ್ಯೋ ಶಿವನೇ! ಅಪ್ಪನ ಕಾಲು ತೆಗೀತಾರಂತೆ ಕಣವ್ವಾ. ನೀನೇ ತೆಗೆಸ್ತಿದೀಯಲ್ಲ!"

ಹೊಂಬಾಳಮ್ಮನ ಕಣ್ಣು ಪಟ್ಟಿ ಸುತ್ತಿದ ಕಾಲಿನತ್ತ ಹೋಯಿತು. ಮಾತು ಮಾತ್ರ ಸೋಲಲಿಲ್ಲ. "ಸುಮ್ಕಿರೇ! ತೋಟದಲ್ಲಿ ಗೇಮೆ ಮಾಡೋ ಜೀವ ಹಸ್ಕೊಂಡು ಏಳ್ಬಾರ್ದು ಅಂತ ವಸಿ ದಪ್ಪಕೆ ಕಟ್ದೆ. ರಾಗಿ ಏನು ವಿಸವಾ?"

"ವಿಷ ಅಲ್ಲ. ಬರೀ ಅದನ್ನೇ ತುಂಬಿದ್ರೆ ಹಿಂಗೇ ಆಗೋದು."

ಮಗಳು ತಟ್ಟೆಯಲ್ಲಿ ಒಂದು ಸಣ್ಣ ಮುದ್ದೆ ಬಿಟ್ಟು, ಅಂಚಿನಲ್ಲಿ ಉಪ್ಪಿನಕಾಯಿಯಷ್ಟೇ ಇದ್ದ ನುಗ್ಗೆಸೊಪ್ಪಿನ ಪಲ್ಯವನ್ನು ಸೌಟು ತುಂಬ ಬಡಿಸಿದಳು. ಹುರುಳಿಕಾಳಿನ ಉಸ್ಲಿ ಹಾಕಿದಳು. ಸೌತೆಕಾಯಿ ಹೆಚ್ಚಿಟ್ಟು, ಲೋಟದ ತುಂಬ ಮಜ್ಜಿಗೆ ಕೊಟ್ಟಳು. ಇದೆಲ್ಲ ಅದೇ ಅಡುಗೆಮನೆಯಲ್ಲಿ ಇದ್ದದ್ದೇ.

ಹೊಂಬಾಳಮ್ಮ ಬಾಗಿಲಿಗೊರಗಿ ಕಾದಳು. ಇನ್ನೇನು, ಇನ್ನೊಂದು ಮುದ್ದೆ ತಾ ಅಂತಾರೆ, ಆಗ ಗೊತ್ತಾಗುತ್ತೆ ಈ ಮಗಳಿಗೆ. ಕೆಂಚಪ್ಪ ಸಾವಕಾಶವಾಗಿ ಕಾಳು ಅಗಿದ, ಸೊಪ್ಪು ತಿಂದ, ಮಜ್ಜಿಗೆ ಕುಡಿದು ತಟ್ಟೆಯಲ್ಲೇ ಕೈ ತೊಳೆದುಕೊಂಡ.

"ಹೊಟ್ಟೆ ತುಂಬ್ತಾ?" ಹೊಂಬಾಳಮ್ಮ ಕೇಳಿದಳು.

"ತುಂಬ್ತು ಕಣೇ."

"ಸುಳ್ಳು! ಮಗಳ ಮುಂದೆ ಹಂಗಂತೀರ. ದಿನಾ ಅಷ್ಟು ದಪ್ಪಂದು ಒಂಚೂರು ಬುಡ್ದೆ ಉಣ್ತಿರ್ಲಿಲ್ವಾ?"

ಕೆಂಚಪ್ಪ ಹೆಂಡತಿಯ ಮುಖ ನೋಡಲಿಲ್ಲ. "ಅರ್ಧಕ್ಕೇ ಸಾಕಾಗ್ತಿತ್ತು. ಮಿಕ್ಕಿದ್ನ ಹೆಂಗೋ ನುಂಗ್ತಿದ್ದೆ, ಬುಡು."

ಹೊಂಬಾಳಮ್ಮ ಬಾಗಿಲು ಬಿಟ್ಟು ಗಂಡನ ಮುಂದೆ ಬಂದು ಕೂತಳು. "ಕಾಲು ಹೋಗ್ತದಂತಲ್ರೀ! ಸಾಕು ಅಂತ ಬಾಯ್ಬುಟ್ಟು ಹೇಳಕ್ಕೇನಾಗಿತ್ತು ನಿಮ್ಗೆ?"

"ಹೇಳ್ದಾಗೆಲ್ಲ, ಅಡುಗೆ ಸೇರ್ಲಿಲ್ವೇನೋ ಅಂತ ನೀನು ಉಣ್ದೇ ಮಲಗ್ತಿದ್ದೆ ಕಣೇ."