ಮೇಷ್ಟ್ರ ಅರ್ಧಂಬರ್ಧ ಕಥೆ

“ನಾಳೆ ಮೇಷ್ಟ್ರ ಕಥೆ ಮುಗಿಸಿಬಿಡೋಣ.”

ತರಗತಿಯ ಬಾಗಿಲ ಹಿಡಿಕೆಯ ಮೇಲೆ ಮೇಷ್ಟ್ರ ಕೈ ಕಲ್ಲಾಯಿತು.

“ಅವರಿಗೆ ಮೊದಲೇ ಗೊತ್ತಾಗಿಬಿಟ್ರೆ?”

“ಕೊನೇ ಸಾಲಿನ ತನಕ ಗೊತ್ತಾಗಬಾರದು. ಮಜಾ ಇರೋದೇ ಅಲ್ಲಿ.”

ಮೇಷ್ಟ್ರ ಕಿವಿ ಸಾಮಾನ್ಯದ್ದಲ್ಲ. ಮೂರು ಬೀದಿ ಆಚೆ ಯಾರಾದರೂ ಒಂದು ಒತ್ತಕ್ಷರ ನುಂಗಿದರೆ ಇಲ್ಲಿ ಇವರಿಗೆ ಊಟ ಸೇರುತ್ತಿರಲಿಲ್ಲ. ಎರಡನೆಯ ದನಿ ಪ್ರಶ್ನಾರ್ಥಕನದು. ಅವನು ಏನು ಹೇಳಿದರೂ ಕೇಳಿದ ಹಾಗಿರುತ್ತಿತ್ತು. ಮೊದಲನೆಯದು ಅರ್ಧವಿರಾಮಳದು, ಅವಳು ಮಾತಿನ ನಡುವೆ ನಿಂತು, ಎದುರಿನವರ ಮುಖ ಓದಿಕೊಂಡು, ಆಮೇಲೆ ಮುಂದುವರಿಯುವವಳು. ಕಥೆ ಬರೆಯಲು ಕಲಿಯಬಂದವರಿಗೆಲ್ಲ ಮೇಷ್ಟ್ರು ಇಂಥ ಹೆಸರನ್ನೇ ಇಡುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಆಮೇಲೆ ಅವರಿಗೇ ಮರೆತುಹೋಗುತ್ತಿತ್ತು.

ಮೇಷ್ಟ್ರು ಬರುವ ಮೊದಲು ಅವರ ಚಪ್ಪಲಿಯ ಸದ್ದು ಬರುತ್ತಿತ್ತು. ಅದನ್ನು ಕೇಳಿ ಕೆಳಗಿನ ಸೈಕಲ್ ಅಂಗಡಿಯವನು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ. ಈಗ ಮಾತ್ರ ಆ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಬೆಕ್ಕಿನ ಹಾಗೆ ಮೂರೂ ಮಹಡಿ ಇಳಿದುಹೋದರು.

ಫೋನಿನ ವಿಷಯ ಅವಳಿಗೆ ಗೊತ್ತಾಯಿತೇ?

ಗೊತ್ತಾಗಲು ದಾರಿಯೇ ಇಲ್ಲ ಎಂದುಕೊಂಡರು. ಅರ್ಧವಿರಾಮಳ ಕಥೆಗಳನ್ನು ಪುಸ್ತಕ ಮಾಡಲೇ ಎಂದು ಪ್ರಕಾಶಕರು ವರ್ಷವರ್ಷವೂ ಫೋನು ಮಾಡುತ್ತಿದ್ದರು. ಮೇಷ್ಟ್ರು ಹೂಂ ಎಂದರೆ ಅಚ್ಚು, ಊಹೂಂ ಎಂದರೆ ಕಸದಬುಟ್ಟಿ. ತರಗತಿಯಲ್ಲಿ ಅವಳಿಗೆ “ಭೇಷ್” ಅನ್ನುತ್ತಿದ್ದ ಮೇಷ್ಟ್ರು ಫೋನಿನಲ್ಲಿ ಮಾತ್ರ ಒಂದೇ ಮಾತು ಹೇಳುತ್ತಿದ್ದರು: “ಕಾಯಿ ಇನ್ನೂ ಬಲಿತಿಲ್ಲ.” ತನಗಿಂತ ಚೆನ್ನಾಗಿ ಬರೆಯುವ ಶಿಷ್ಯೆಯನ್ನು ಯಾವ ಗುರು ತಾನೇ ಬಲಿಯಲು ಬಿಟ್ಟಾನು? ಮೊನ್ನೆಯೂ ಅದನ್ನೇ ಹೇಳಿದ್ದರು.

ಮರುದಿನ ಅವರು ಬಂದರು. ಬರದಿದ್ದರೆ ಹೆದರಿದ ಹಾಗಾಗುತ್ತಿತ್ತು.

ಇಬ್ಬರೇ ಇದ್ದರು. ಪ್ರಶ್ನಾರ್ಥಕ ಕಾಫಿ ಲೋಟ ಮುಂದೆ ಹಿಡಿದ. “ಬಿಸಿ ಇದೆ ಸಾರ್, ಕುಡೀತೀರಾ?”

ಮೇಷ್ಟ್ರು ಮೂಸಿದರು. ಅವನು ಅತ್ತ ತಿರುಗಿದೊಡನೆ ಹೂಕುಂಡಕ್ಕೆ ಸುರಿದರು. ಗಿಡ ಈಗಲೇ ಸಾಯುತ್ತದೆಯೇ ಎಂದು ನೋಡಿದರು. ಅದು ಸಾಯುವ ಲಕ್ಷಣ ಕಾಣಲಿಲ್ಲ.

ಅಷ್ಟರಲ್ಲಿ ಅರ್ಧವಿರಾಮಳ ಚೀಲದಿಂದ ಕಬ್ಬಿಣದ್ದೇನೋ ಇಣುಕಿತು.

“ಅದೇನಮ್ಮ?”

“ಸ್ಪ್ಯಾನರ್ ಸಾರ್. ಕೆಳಗಿನ ಸೈಕಲ್ ಅಂಗಡಿದು. ಮೇಜಿನ ಕಾಲು ಅಲ್ಲಾಡ್ತಿತ್ತಲ್ಲ...” ನಿಂತಳು. ಮೇಷ್ಟ್ರ ಮುಖ ನೋಡಿದಳು. “ಬಿಗಿ ಮಾಡೋಣ ಅಂತ.”

ಕಥೆಯೊಳಗೆ ಬಂದ ಸಾಮಾನು ತನ್ನ ಕೆಲಸ ಮಾಡಿಯೇ ಹೋಗಬೇಕು ಎಂದು ಕಲಿಸಿದವರು ಈ ಮೇಷ್ಟ್ರೇ. ಈಗ ಅವರ ತಲೆಯೊಳಗೆ ಸ್ಪ್ಯಾನರ್ ಮೇಲೆದ್ದಿತು. ಅವರ ತಲೆಯ ಮೇಲೆಯೇ ಬಿತ್ತು.

“ಮೊದಲು ಅದನ್ನ ಕೊಟ್ಟು ಬಾ.”

“ಕೊಟ್ಬಿಡ್ತೀನಿ ಸಾರ್. ಕೆಲಸ ಆಯ್ತು.”

ಅವಳು ಹೋಗಿಬಂದಳು. ಮೇಷ್ಟ್ರು ಮೇಜಿನ ಮೇಲೆ ಕೈ ಊರಿದರು. ಮೇಜು ಅಲ್ಲಾಡಿತು.

ನಾಲ್ಕು ಗೋಡೆಗಳ ನಡುವೆ ಸಾಯುವುದಕ್ಕಿಂತ ನಾಲ್ಕು ಜನ ನೋಡುವ ಜಾಗವೇ ಕ್ಷೇಮವೆಂದು ಬಾಲ್ಕನಿಗೆ ನಡೆದರು. ಅದು ಅವರ ಸಿಂಹಾಸನ. ಶಿಷ್ಯರ ಕಥೆಗಳನ್ನೆಲ್ಲ ಕೇಳಿದ್ದು ಅಲ್ಲಿಯೇ ನಿಂತು. ಅವರು ನಕ್ಕರೆ ಎದುರುಮನೆಯ ಪಾತ್ರೆಗಳು ಅದುರುತ್ತಿದ್ದವು. ಮೈಯನ್ನೆಲ್ಲ ಹಿಂದಕ್ಕೆಸೆದು ನಗುವ ನಗೆ ಅದು. ಬಾಲ್ಕನಿಯ ನಟ್ಟುಬೋಲ್ಟಿನ ಕಂಬಿಯ ಮೇಲೆ ಅವರ ಬೆನ್ನಿನ ಅಚ್ಚು ಬಿದ್ದಿದೆಯೆಂದು ಶಿಷ್ಯರು ಆಣೆಯಿಟ್ಟು ಹೇಳುತ್ತಿದ್ದರು. ಇವತ್ತು ಮಾತ್ರ ನೆಟ್ಟಗೆ ನಿಂತು, ಇಬ್ಬರ ನಾಲ್ಕು ಕೈಗಳ ಮೇಲೂ ಕಣ್ಣಿಟ್ಟರು.

“ನಿನ್ನೆ ಎಲ್ಲಾ ಕೇಳಿಸ್ಕೊಂಡೆ,” ಎಂದರು. “ನನ್ನ ಕಥೆ ಮುಗಿಸ್ತೀರಂತೆ?”

ಪ್ರಶ್ನಾರ್ಥಕ ನಾಲಿಗೆ ಕಚ್ಚಿಕೊಂಡ. “ಅಯ್ಯೋ, ಗೊತ್ತಾಗ್ಹೋಯ್ತಾ? ನಿಮ್ಮ ಕಳ್ಳನ ಕಥೆ ಸಾರ್! ಅರ್ಧಕ್ಕೇ ನಿಲ್ಲಿಸಿದ್ರಲ್ಲ, ಅದು! ಇವಳು ಮುಗಿಸಿದಾಳೆ.”

ಆ ಕಳ್ಳ ಅವರ ಜೀವ ತಿಂದವನು. ಕದಿಯಲು ಹೋಗಿ ಮಂಚದ ಕೆಳಗೆ ಅವಿತಿದ್ದಾನೆ. ಮೇಲೆ ಗಂಡಹೆಂಡಿರ ಜಗಳ ಮುಗಿಯುತ್ತಲೇ ಇಲ್ಲ. ಅವನನ್ನು ಹೊರಗೆ ತರಲಾರದೆ ಮೇಷ್ಟ್ರ ಕೂದಲೆಲ್ಲ ಉದುರಿತ್ತು.

ಎದೆಯ ಮೇಲಿನ ಬಂಡೆ ಉರುಳಿತು. ಕಾಲು ಸಡಿಲವಾಯಿತು, ಭುಜ ಇಳಿಯಿತು. ಥೂ, ಎಂಥ ಹೆದರುಪುಕ್ಕಲ ನಾನು ಎಂದುಕೊಂಡರು. ಸುಮ್ಮನೆ ಹೋದ ಕಾಫಿಯ ನೆನಪಾಗಿ ಹೊಟ್ಟೆ ಉರಿಯಿತು. ಅವರ ದೊಡ್ಡ ಪಾಠವೇ ಅದಲ್ಲವೇ? “ಹೆದರಿದವನು ಸುತ್ತ ನೋಡ್ತಾನೆ, ನಗೋನು ಏನೂ ನೋಡಲ್ಲ. ಓದುಗನನ್ನ ಮೊದಲು ಹೆದರಿಸಿ, ಆಮೇಲೆ ನಗಿಸಿ. ಏಟು ಕೊಡೋದು ಆಗ.” ಈ ಪಾಠವನ್ನು ಅರ್ಧವಿರಾಮಳಷ್ಟು ಶ್ರದ್ಧೆಯಿಂದ ಇನ್ನೊಬ್ಬರು ಕಲಿತಿರಲಿಲ್ಲ.

“ಓದಮ್ಮ, ಓದು! ಆ ಬಡ್ಡಿಮಗನ್ನ ಹೇಗೆ ಹೊರಗೆ ತಂದೆ, ನೋಡೇಬಿಡೋಣ!”

ಅವಳು ಬಾಲ್ಕನಿಗೆ ಕಾಲಿಡದೆ ಹೊಸ್ತಿಲ ಒಳಗೇ ನಿಂತು ಓದಿದಳು. “ಜಗಳ ತಾರಕಕ್ಕೇರಿತು. ಕೊನೆಗೆ ಕಳ್ಳನಿಗೇ ತಡೆಯಲಾಗಲಿಲ್ಲ. ಮಂಚದ ಕೆಳಗಿನಿಂದ ತಲೆ ಹೊರಗೆ ಹಾಕಿ ಹೇಳಿದ: ‘ಸ್ವಾಮಿ, ಮಧ್ಯೆ ಬಾಯಿ ಹಾಕ್ತೀನಿ ಅಂತ ಬೇಜಾರು ಮಾಡ್ಕೋಬೇಡಿ...’”

ನಿಂತಳು. ಮೇಷ್ಟ್ರ ಮುಖ ನೋಡಿದಳು.

“‘ಆದ್ರೆ ತಪ್ಪು ನಿಮ್ಮದೇ!’”

ಮೇಷ್ಟ್ರ ಹೊಟ್ಟೆಯಲ್ಲಿ ಎದ್ದ ನಗೆ ಎದೆಗೇರಿ, ಗಂಟಲು ಒಡೆದು ಹೊರಗೆ ಬಂತು. ಎದುರುಮನೆಯ ಪಾತ್ರೆಗಳು ಅದುರಿದವು. ಆ ಸದ್ದಿನಲ್ಲಿ ಅವಳು ಮೆಲ್ಲಗೆ ಕೇಳಿದ್ದು ಅವರ ಆ ಪ್ರಚಂಡ ಕಿವಿಗೂ ಕೊಂಚ ತಡವಾಗಿ ಮುಟ್ಟಿತು.

“ಈಗ ಕಾಯಿ ಬಲಿತಿದೆಯಾ ಸಾರ್?”

ಮೇಷ್ಟ್ರು ಎಂದಿನಂತೆಯೇ ಮೈಯನ್ನೆಲ್ಲ ಹಿಂದಕ್ಕೆಸೆದಾಗಿತ್ತು. ಬೆನ್ನಿಗೆ ಮಾತ್ರ ಕಂಬಿ ಸಿಗಲಿಲ್ಲ.